ಎರಡು ಹೊಳೆ, ಒಂದು ಹೆದ್ದಾರಿ, ನಡುವೆ ಮಂಗಳೂರು

ದಸರಾ ಗದ್ದಲ ಇಳಿದ ಮೇಲೆ ಅವ್ವನನ್ನು ಕರೆದುಕೊಂಡು ಮಂಗಳೂರಿಗೆ ಹೋಗಿಬಂದೆ. ಅವ್ವನಿಗೆ ಸಮುದ್ರ ನೋಡಬೇಕಿತ್ತು, ಮಂಗಳಾದೇವಿ ಗುಡಿಗೆ ಹೋಗಬೇಕಿತ್ತು. ನನಗೆ ಆ ಊರಿನ ಬಸ್ಸು, ದೋಣಿ, ರಸ್ತೆ ನೋಡಬೇಕಿತ್ತು.

ನಾನು ಧಾರವಾಡದವಳು. ಕೆಲಸ ಹುಬ್ಬಳ್ಳಿಯಲ್ಲಿ, ದಿನಾ ಚಿಗರಿಯಲ್ಲಿ, ಅಂದರೆ ಎರಡೂ ಊರಿನ ನಡುವೆ ತನ್ನದೇ ಪಥದಲ್ಲಿ ಓಡುವ ಬಸ್ಸಿನಲ್ಲಿ ಓಡಾಟ. 1962ರಿಂದ ನಮ್ಮ ಎರಡೂ ಊರಿಗೆ ಒಂದೇ ಪಾಲಿಕೆ, ಆದರೆ ಜನರ ಮನಸ್ಸಿನಲ್ಲಿ ಊರು ಎರಡೇ. ಈಗ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ಸರ್ಕಾರವೂ ಒಪ್ಪಿದೆ. ಹಾಗಿದ್ದರೂ 2018ರಲ್ಲಿ ಚಿಗರಿ ಓಡಲು ಶುರುವಾದ ಮೇಲೆ ಧಾರವಾಡದ ಹುಡುಗಿಯೊಬ್ಬಳು ಹುಬ್ಬಳ್ಳಿಯಲ್ಲಿ ಕೆಲಸ ಹಿಡಿಯುವುದು, ಹುಬ್ಬಳ್ಳಿಯವರು ಸಂಜೆ ಧಾರವಾಡದ ಸಂಗೀತ ಕಛೇರಿಗೆ ಬಂದು ಮನೆಗೆ ಮರಳುವುದು ಸುಲಭವಾಯಿತು. ಅದನ್ನು ಕಣ್ಣಾರೆ ಕಂಡಿದ್ದರಿಂದ ಯಾವ ಊರಿಗೆ ಹೋದರೂ ನನಗೆ ಒಂದೇ ಪ್ರಶ್ನೆ ಏಳುತ್ತದೆ: ಗಾಡಿ ಇಲ್ಲದವರು ಈ ಕಡೆಯಿಂದ ಆ ಕಡೆ ಹೇಗೆ ಹೋಗುತ್ತಾರೆ, ರಾತ್ರಿ ಹೇಗೆ ವಾಪಸ್ ಬರುತ್ತಾರೆ?

ಮಂಗಳೂರಿನಲ್ಲಿ ಈ ಪ್ರಶ್ನೆ ಕೇಳಲೇಬೇಕು. ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಫಲ್ಗುಣಿ. ಎರಡೂ ಬಂದು ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ನಡುವೆ ಗುಡ್ಡ, ತಗ್ಗು, ರೈಲು ಹಳಿ, ಹೆದ್ದಾರಿ. ಇವೆಲ್ಲ ಊರನ್ನು ತುಂಡು ತುಂಡು ಮಾಡಿವೆ. ಜಾತಿ, ಮತದ ಹೆಸರಲ್ಲಿ ಆದ ತುಂಡುಗಳು ಬೇರೆ.

ಶುಕ್ರವಾರ: ಬಿಜೈ, ಸ್ಟೇಟ್ ಬ್ಯಾಂಕ್, ಕಲ್ಲಾಪು

ಹುಬ್ಬಳ್ಳಿಯಿಂದ ರಾತ್ರಿ ಬಸ್ಸು. ಅಂಕೋಲಾ ದಾಟಿದ ಮೇಲೆ ನಿದ್ದೆ ಹತ್ತಿತು, ಎಚ್ಚರಾದಾಗ ಸುರತ್ಕಲ್. ಸ್ವಲ್ಪ ಹೊತ್ತಿಗೆ ಪಣಂಬೂರಿನ ಬಂದರಿನ ದೀಪಗಳು, ಆಮೇಲೆ ಕೂಳೂರು ಸೇತುವೆ, ಕೆಳಗೆ ಇನ್ನೂ ಕಪ್ಪಾಗಿದ್ದ ಹೊಳೆ. ಬಿಜೈಯ ಸರ್ಕಾರಿ ಬಸ್ ನಿಲ್ದಾಣದಲ್ಲಿ ಇಳಿದಾಗ ಬೆಳಕು ಹರಿಯುತ್ತಿತ್ತು. ಮೈಗೆ ಅಂಟುವ ಸೆಕೆ. ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ "ಹೊತ್ತ ಹುಟ್ಟೂದಕ್ಕ ಇಷ್ಟ ಬೆವರು ಅಂದ್ರ ಮಧ್ಯಾಹ್ನ ಏನ್ ಗತಿ" ಅಂದಳು.

ಈ ಊರಿನ ಮೊದಲ ತೊಡಕು ಬಸ್ಸಿನಿಂದ ಇಳಿದ ಕೂಡಲೇ ಗೊತ್ತಾಗುತ್ತದೆ. ಸರ್ಕಾರಿ ಬಸ್ ನಿಲ್ದಾಣ ಬಿಜೈಯಲ್ಲಿ. ಸಿಟಿ ಬಸ್ಸು, ಉಡುಪಿ ಕಡೆಯ ಖಾಸಗಿ ಬಸ್ಸು ಎಲ್ಲ ಸ್ಟೇಟ್ ಬ್ಯಾಂಕ್ ಅಂತ ಕರೆಯುವ ನಿಲ್ದಾಣದಲ್ಲಿ. ಸೆಂಟ್ರಲ್ ರೈಲು ನಿಲ್ದಾಣ ಮತ್ತೊಂದು ಕಡೆ. ಜಂಕ್ಷನ್ ರೈಲು ನಿಲ್ದಾಣ ಪಡೀಲ್‌ನಲ್ಲಿ, ಅಂದರೆ ಊರಿನ ಇನ್ನೊಂದು ತುದಿ. ವಿಮಾನ ನಿಲ್ದಾಣ ಬಜಪೆಯ ಗುಡ್ಡದ ಮೇಲೆ. ಒಂದರಿಂದ ಇನ್ನೊಂದಕ್ಕೆ ಚೀಲ ಹೊತ್ತುಕೊಂಡು ನಡೆಯುವ ಹಾಗಿಲ್ಲ. ಹೊಸದಾಗಿ ಬರುವವರು ಬಿಜೈ ನಿಲ್ದಾಣದ ಹೊರಗಿನ ರಸ್ತೆಗೆ ಬಂದು ನಿಂತರೆ ಸ್ಟೇಟ್ ಬ್ಯಾಂಕಿಗೆ ಹೋಗುವ ಸಿಟಿ ಬಸ್ಸು ಒಂದರ ಹಿಂದೆ ಒಂದು ಸಿಗುತ್ತದೆ. ಆಟೋದವರು ಹಗಲು ಮೀಟರ್ ಹಾಕುತ್ತಾರೆ, ಕೇಳಲು ಸಂಕೋಚ ಬೇಡ.

ಹಂಪನಕಟ್ಟೆಯ ಹತ್ತಿರ ಒಂದು ಲಾಡ್ಜ್. ಸ್ನಾನ ಮಾಡಿ ಕೆಳಗಿನ ಹೋಟೆಲಿನಲ್ಲಿ ಬನ್ಸ್ ಮತ್ತು ಗೋಳಿಬಜೆ ತಿಂದೆವು. ಬನ್ಸಿನಲ್ಲಿ ಬಾಳೆಹಣ್ಣಿನ ಸಿಹಿ ಹದವಾಗಿತ್ತು, ಜೊತೆಗೆ ಕೊಟ್ಟ ಸಾಂಬಾರಿಗೆ ಹುಳಿ ಚೆನ್ನಾಗಿತ್ತು. ಅವ್ವನಿಗೆ ಗೋಳಿಬಜೆ ಎಷ್ಟು ಹಿಡಿಸಿತೆಂದರೆ ಆಮೇಲೆ ಎಲ್ಲಿ ಕೂತರೂ ಮೊದಲು ಅದನ್ನೇ ಕೇಳಿದಳು.

ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ನಾವು ಸುಮ್ನೆ ಬಹಳ ಹೊತ್ತು ನಿಂತೆವು. ಕಂಡಕ್ಟರುಗಳು ಊರಿನ ಹೆಸರನ್ನು ರಾಗವಾಗಿ ಕೂಗುತ್ತಾರೆ. ಬಸ್ಸು ಹೊರಡುವಾಗ ವಿಸಿಲ್. ಒಳಗೆ ನುಗ್ಗಿದರೆ "ದುಂಬು ಪೋಲೆ, ದುಂಬು ಪೋಲೆ" ಅಂತ ಮುಂದೆ ಕಳಿಸುತ್ತಾರೆ. ನಿಮಿಷ ಲೆಕ್ಕದ ಟೈಮಿಂಗ್. ಹಿಂದಿನ ಬಸ್ಸು ಬರುವ ಮೊದಲು ಈ ಬಸ್ಸು ಹೊರಡಬೇಕು, ಅದಕ್ಕೇ ಆ ಅವಸರ. ಬಸ್ಸುಗಳು ಸಿಕ್ಕಾಪಟ್ಟೆ ಇವೆ, ಅದನ್ನು ಒಪ್ಪಲೇಬೇಕು. ನಮ್ಮ ಕಡೆಯ ಎಷ್ಟೋ ಊರುಗಳಿಗೆ ಇಷ್ಟು ಬಸ್ಸು ಕನಸಲ್ಲೂ ಇಲ್ಲ. ಚಲೋ ಆ್ಯಪ್ ಫೋನಿನಲ್ಲಿದ್ದರೆ ಯಾವ ಬಸ್ಸು ಎಲ್ಲಿದೆ ಅಂತ ನೋಡಬಹುದು, ಇಲ್ಲದಿದ್ದರೆ ಯಾರನ್ನಾದರೂ ಕೇಳಿ. ಇಲ್ಲಿನವರು ದಾರಿ ಹೇಳಿ ಸುಮ್ಮನಾಗುವುದಿಲ್ಲ, ಬಸ್ಸಿನ ತನಕ ಬಂದು ಹತ್ತಿಸುತ್ತಾರೆ.

ಮೆಟ್ಟಿಲು ಮಾತ್ರ ಅವ್ವನಿಗೆ ಕಷ್ಟವಾಯಿತು. ಅವಳಿಗೆ ಮೊಣಕಾಲು ನೋವು. ಚಿಗರಿಯಲ್ಲಿ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟ, ಕಾಲು ಎತ್ತುವ ಕೆಲಸವೇ ಇಲ್ಲ. ಇಲ್ಲಿ ಕಂಬಿ ಹಿಡಿದು ಮೈ ಎಳೆದುಕೊಳ್ಳಬೇಕು, ಅದೂ ಬಸ್ಸು ಪೂರ್ತಿ ನಿಲ್ಲುವ ಮೊದಲೇ. ಒಬ್ಬ ಹುಡುಗ ಕೆಳಗಿಳಿದು ಅವ್ವನ ಕೈ ಹಿಡಿದು ಹತ್ತಿಸಿದ. "ಮೆಲ್ಲ ಅಮ್ಮ, ಮೆಲ್ಲ" ಅಂತ ಕಂಡಕ್ಟರ್ ಕೂಡ ಹೇಳಿದರು. ಜನ ಒಳ್ಳೆಯವರು, ಆದರೆ ಮೊಣಕಾಲು ನೋವಿರುವವರು ದಿನಾ ಯಾರದೋ ಕೈಗಾಗಿ ಕಾಯಬೇಕಾ?

ಟಿಕೆಟ್ ಕೊಂಡಾಗ ಅವ್ವನಿಗೆ ಅಚ್ಚರಿ. ಹುಬ್ಬಳ್ಳಿಯಿಂದ ಮಂಗಳೂರಿನ ತನಕ ಆಧಾರ್ ತೋರಿಸಿ ಶೂನ್ಯ ಟಿಕೆಟ್‌ನಲ್ಲಿ ಬಂದಿದ್ದೆವು. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದದ್ದು, ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಬಹುಪಾಲು ಖಾಸಗಿ. ಹಾಗಾಗಿ ಮುನ್ನೂರೈವತ್ತು ಕಿಲೋಮೀಟರ್ ಬಿಟ್ಟಿ ಬಂದವಳು ಮುಂದಿನ ಸ್ಟಾಪಿಗೆ ದುಡ್ಡು ಕೊಡಬೇಕು. ಪ್ರವಾಸಿಗರಿಗೆ ಇದು ಸಣ್ಣ ಸಂಗತಿ. ಬೀಡಿ ಕಟ್ಟುವವರು, ಮನೆಗೆಲಸಕ್ಕೆ ಹೋಗುವವರು, ಅಂಗಡಿಯಲ್ಲಿ ನಿಲ್ಲುವ ಹುಡುಗಿಯರು, ಇವರಿಗೆ ತಿಂಗಳ ಕೊನೆಗೆ ಅದು ದೊಡ್ಡ ದುಡ್ಡು. ರಾಜ್ಯದ ಒಂದು ಯೋಜನೆ ಕರಾವಳಿಯ ಹೆಂಗಸರಿಗೆ ಅರ್ಧವೇ ಮುಟ್ಟಿದೆ ಅನ್ನುವುದು ನನಗೆ ನಿಜಕ್ಕೂ ನೋವಿನ ವಿಷಯ. ಖಾಸಗಿ ಬಸ್ಸಿನವರಿಗೆ ಸರ್ಕಾರ ಆ ದುಡ್ಡು ಕಟ್ಟಿಕೊಡುವ ದಾರಿ ಹುಡುಕಬಹುದು, ಅಥವಾ ಸರ್ಕಾರಿ ಸಿಟಿ ಬಸ್ಸು ಹೆಚ್ಚಿಸಬಹುದು.

ಮಧ್ಯಾಹ್ನ ಉಳ್ಳಾಲದ ಕಡೆ ಹೊರಟೆವು. ಪಂಪ್‌ವೆಲ್ ಮೇಲ್ಸೇತುವೆ ನೋಡಿದೆ. ಹೆಚ್ಚುಕಡಿಮೆ ಹತ್ತು ವರ್ಷ ಎಳೆದು 2020ರ ಜನವರಿ 31ಕ್ಕೆ ತೆರೆದದ್ದು. ಮೇಲೆ ಗಾಡಿಗಳು ಸರಾಗವಾಗಿ ಹೋಗುತ್ತವೆ. ಕೆಳಗೆ ಬಸ್ಸಿಗೆ ಕಾಯುವವರು ಬಿಸಿಲಲ್ಲಿ ನಿಂತಿದ್ದರು, ಸರ್ವಿಸ್ ರಸ್ತೆಯಲ್ಲಿ ಬಸ್ಸು, ಆಟೋ, ಸ್ಕೂಟರು ಎಲ್ಲ ಒಂದೇ ಕಡೆ ಮುಗಿಬಿದ್ದಿದ್ದವು.

ನೇತ್ರಾವತಿ ಸೇತುವೆ ದೊಡ್ಡದು. ಪಕ್ಕದಲ್ಲಿ ರೈಲು ಸೇತುವೆ, ಕೆಳಗೆ ಅಗಲವಾದ ಹೊಳೆ, ತೆಂಗಿನ ಮರ ತುಂಬಿದ ಕುದ್ರುಗಳು, ಅಂದರೆ ಹೊಳೆ ನಡುವಿನ ದ್ವೀಪಗಳು. ಅವ್ವ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಸೇತುವೆ ದಾಟಿದ ಮೇಲೆ ಕಲ್ಲಾಪಿನಲ್ಲಿ ಬೊಂಡ, ಅಂದರೆ ಎಳನೀರು, ಕುಡಿಯೋಣ ಅಂತ ಇಳಿದೆವು. ಬೊಂಡದ ಗಾಡಿ ರಸ್ತೆಯ ಆಚೆ ಇತ್ತು. ದಾಟಲು ಎಷ್ಟು ಹೊತ್ತು ನಿಂತೆವೋ! ಲಾರಿ, ಕೇರಳದ ಬಸ್ಸು, ಕಾರು, ಯಾವುದೂ ನಿಧಾನ ಮಾಡುವುದಿಲ್ಲ. ನಮ್ಮ ಪಕ್ಕ ಮೀನಿನ ಬುಟ್ಟಿ ಹೊತ್ತ ಒಬ್ಬ ಅಜ್ಜಿ ಬಂದು ನಿಂತರು. ಅವ್ವನ ಭಾಷೆ ಕೇಳಿ ನಕ್ಕರು. "ಮೊದಲು ಇದು ಸಣ್ಣ ರಸ್ತೆ. ಆಚೆ ಮನೆಯಿಂದ ಉಪ್ಪು ಕೇಳಿ ತರ್ತಿದ್ದೆವು. ಈಗ ಎಂತ ಮಾಡುದು, ಆಚೆ ಹೋಗ್ಲಿಕ್ಕೆ ಅರ್ಧ ಗಂಟೆ ಬೇಕು" ಅಂದರು. ಆಮೇಲೆ ಕೈ ಅಡ್ಡ ಹಿಡಿದು, ನಮ್ಮಿಬ್ಬರನ್ನೂ ಹಿಂದೆ ಹಾಕಿಕೊಂಡು ದಾಟಿಸಿದರು.

ಈ ಪ್ರವಾಸದಲ್ಲಿ ನಾನು ಕಲಿತ ಮುಖ್ಯ ಸಂಗತಿ ಅದು. ತಲಪಾಡಿಯಿಂದ ಸುರತ್ಕಲ್ ತನಕ ನಾಲ್ಕು ಪಥ ಮಾಡಿದ್ದು ಊರೂರನ್ನು ಜೋಡಿಸಲು. ದೂರದ ಊರುಗಳು ಹತ್ತಿರವಾದವು, ನಿಜ. ಎದುರುಬದುರು ಮನೆಗಳು ದೂರವಾದವು. ನಮ್ಮ ಚಿಗರಿ ದಾರಿಯಲ್ಲೂ ಇದೇ ಆಗಿದೆ. ನಡುರಸ್ತೆಯ ಬೇಲಿಯಿಂದಾಗಿ ಈಚೆ ಅಂಗಡಿಯವರು ಆಚೆ ಅಂಗಡಿಗೆ ಚಹಾ ಕುಡಿಯಲು ಹೋಗಬೇಕಾದರೆ ಸುತ್ತು ಹಾಕಬೇಕು. ಉದ್ದಕ್ಕೆ ಜೋಡಿಸುವ ಯಾವುದೇ ರಸ್ತೆ ಅಡ್ಡಕ್ಕೆ ಕತ್ತರಿಸುತ್ತದೆ. ಹಾಗಾಗಿ ಯೋಜನೆಯ ಮೊದಲ ಹಾಳೆಯಲ್ಲೇ ದಾಟುವ ಜಾಗಗಳನ್ನು ಬರೆಯಬೇಕು. ರಸ್ತೆ ಮುಗಿದು, ಜನ ಸತ್ತು, ಪ್ರತಿಭಟನೆಯಾದ ಮೇಲೆ ಬರೆಯುವುದಲ್ಲ.

ಶನಿವಾರ: ಬಂದರು, ಬೆಂಗ್ರೆ, ಪಾಂಡೇಶ್ವರದ ಗೇಟು

ಬೆಳಿಗ್ಗೆ ಬೇಗ ಹಳೇ ಬಂದರಿಗೆ ನಡೆದೆವು. ಹೆಂಚಿನ ಗೋದಾಮುಗಳು, ಮೆಣಸಿನಕಾಯಿ ಘಾಟು, ಒಣಮೀನಿನ ವಾಸನೆ, ಮಿನಿಲಾರಿಗಳ ನಡುವೆ ಜಾಗ ಮಾಡಿಕೊಂಡು ಹೋಗುವ ಕೈಗಾಡಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಮಂಗಳೂರು ಹೆಂಚು ದೇಶದ ತುಂಬ ಹೋಯಿತಲ್ಲ, ಮಣ್ಣು ಬಂದದ್ದೂ ಹೆಂಚು ಹೋದದ್ದೂ ಹೊಳೆಯ ಮೇಲೆಯೇ. ಆ ಕಾಲದಲ್ಲಿ ಹೊಳೆಯೇ ದಾರಿಯಾಗಿತ್ತು. ಈಗಿನ ಮಂಗಳೂರು ಅದಕ್ಕೆ ಬೆನ್ನು ಹಾಕಿ ಕೂತಿದೆ.

ಬೆಂಗ್ರೆಯ ಜನ ಮಾತ್ರ ಇವತ್ತಿಗೂ ಹೊಳೆ ದಾಟಿಯೇ ಬದುಕುತ್ತಾರೆ. ಹೊಳೆಗೂ ಸಮುದ್ರಕ್ಕೂ ನಡುವೆ ಉದ್ದಕ್ಕೆ ಚಾಚಿದ ಮರಳು ಪಟ್ಟಿ ಅದು. ಬಂದರಿನ ಮೆಟ್ಟಿಲ ಮೇಲೆ ನಿಂತರೆ ಎದುರಿನ ಮನೆಗಳ ಬಣ್ಣ ಕಾಣುತ್ತದೆ, ಮಕ್ಕಳು ಆಡುವುದು ಕಾಣುತ್ತದೆ. ದೋಣಿಯಲ್ಲಿ ಕೆಲವೇ ನಿಮಿಷ. ರಸ್ತೆಯಲ್ಲಿ ಹೋಗಬೇಕಾದರೆ ಕೂಳೂರು ಸೇತುವೆಗೆ ಹೋಗಿ, ಪಣಂಬೂರು ಕಡೆ ತಿರುಗಿ, ತಣ್ಣೀರುಬಾವಿ ಮೇಲೆ ಕೆಳಗಿಳಿದು ಬರಬೇಕು, ಹತ್ತು ಕಿಲೋಮೀಟರಿಗೂ ಜಾಸ್ತಿ.

ದೋಣಿಗೆ ಹತ್ತುವುದು ಅವ್ವನಿಗೆ ಬಸ್ಸಿಗಿಂತ ದೊಡ್ಡ ಸಾಹಸವಾಯಿತು. ಇಳಿತದ ಹೊತ್ತು, ದೋಣಿ ಮೆಟ್ಟಿಲಿಗಿಂತ ಬಹಳ ಕೆಳಗಿತ್ತು, ಮೆಟ್ಟಿಲಿಗೆ ಪಾಚಿ. ಒಂದು ಕಾಲು ಕಲ್ಲಿನ ಮೇಲೆ, ಒಂದು ಕಾಲು ದೋಣಿಯಲ್ಲಿ ಇರುವಾಗಲೇ ದೋಣಿ ಸರಿಯಿತು. ಅವ್ವ ಕೂಗಿಕೊಂಡಳು, ಇಬ್ಬರು ಹಿಡಿದು ಒಳಗೆ ಎಳೆದುಕೊಂಡರು. ಅವಳ ಒಂದು ಚಪ್ಪಲಿ ಹೊಳೆಗೆ ಬಿತ್ತು. ದೋಣಿಯವರು ಕೋಲು ಚಾಚಿ ಅದನ್ನು ಎತ್ತಿಕೊಟ್ಟರು. ಒದ್ದೆ ಚಪ್ಪಲಿ ತೊಡೆಯ ಮೇಲೆ ಇಟ್ಟುಕೊಂಡೇ ಅವ್ವ ಆಚೆ ದಡ ನೋಡಿದಳು. ನೀವು ಹೋಗುವುದಾದರೆ ಉಬ್ಬರದ ಹೊತ್ತು ನೋಡಿ ಹೋಗಿ, ಜಾರದ ಚಪ್ಪಲಿ ಹಾಕಿ, ಮಧ್ಯಾಹ್ನದ ಮೋಡ ಏಳುವ ಮೊದಲು ವಾಪಸ್ ಬನ್ನಿ.

ದೋಣಿಯಲ್ಲಿ ನನ್ನ ಪಕ್ಕ ಒಬ್ಬ ಕಾಲೇಜು ಹುಡುಗಿ ಕೂತಿದ್ದಳು. ಬೆಳಿಗ್ಗೆಯ ಸ್ಪೆಷಲ್ ಕ್ಲಾಸ್ ಮುಗಿಸಿ ಮನೆಗೆ ಹೊರಟವಳು. "ಮಳೆಗಾಲದಲ್ಲಿ ಗಾಳಿ ಜೋರಾದ್ರೆ ದೋಣಿ ಬಿಡುದಿಲ್ಲ ಅಕ್ಕ. ಆವಾಗ ಸುತ್ತಿ ಹೋಗ್ಬೇಕು. ಪರೀಕ್ಷೆ ದಿನ ಹಾಗಾದ್ರೆ ಎಂತ ಮಾಡುದು ಅಂತ ಹೇಳಿ ಅಮ್ಮ ನನ್ನನ್ನು ಹಿಂದಿನ ದಿನವೇ ಚಿಕ್ಕಮ್ಮನ ಮನೆಗೆ ಕಳಿಸ್ತಾರೆ" ಅಂದಳು. ಅವಳ ಗೆಳತಿಯೊಬ್ಬಳು ಇದೇ ಕಾರಣಕ್ಕೆ ಕಾಲೇಜು ಬಿಟ್ಟಳಂತೆ.

ತೋಟ ಬೆಂಗ್ರೆಯಲ್ಲಿ ಮೀನುಗಾರ ಸಮುದಾಯದ ಮೊಗವೀರರು ಹೆಚ್ಚು, ಕಸಬಾ ಬೆಂಗ್ರೆಯಲ್ಲಿ ಮುಸ್ಲಿಮರು ಹೆಚ್ಚು. ಹೊಳೆ ದಾಟುವ ಕಷ್ಟ ಇಬ್ಬರದೂ ಒಂದೇ. ಬಂದರಿನ ಕೆಲಸ, ಆಸ್ಪತ್ರೆ, ರೇಷನ್, ಶಾಲೆ, ಎಲ್ಲ ಆಚೆ. ಈಚೆ ಕಡೆ ಸಮುದ್ರ. ಅವ್ವ ಮರಳಲ್ಲಿ ನಡೆದು ಹೋಗಿ ಅಲೆಗೆ ಕಾಲು ಕೊಟ್ಟು ನಿಂತಳು. "ದೇವ್ರೇ, ಎಷ್ಟ್ ನೀರು" ಅಂದಳು ಅಷ್ಟೇ. ಸೀರೆ ಮೊಣಕಾಲ ತನಕ ತೊಯ್ದರೂ ಹಿಂದೆ ಸರಿಯಲಿಲ್ಲ. ಬಲೆ ಹೊಲಿಯುತ್ತಿದ್ದ ಒಬ್ಬರು ನಮಗೆ ಕೂರಲು ಮಗುಚಿ ಹಾಕಿದ ದೋಣಿ ತೋರಿಸಿದರು, ಮನೆಯಿಂದ ಚಹಾ ತರಿಸಿದರು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಕೂಲಿ ಹುಡುಕಿ ದಿನಾ ನಗರಕ್ಕೆ ಹೋಗಬೇಕು, ಅದೇ ತಿಂಗಳಲ್ಲಿ ಹೊಳೆಯೂ ಮುನಿಯುತ್ತದೆ ಅಂತ ಅವರು ಹೇಳಿದರು.

ನಾನು ಅವರಿಗೆ ಕೊಚ್ಚಿಯ ವಾಟರ್ ಮೆಟ್ರೋ ಬಗ್ಗೆ ಹೇಳಿದೆ. 2023ರ ಏಪ್ರಿಲ್‌ನಲ್ಲಿ ಶುರುವಾದ ಅದರಲ್ಲಿ ನಾನು ಓಡಾಡಿದ್ದೇನೆ. ಹೈಕೋರ್ಟ್ ಜೆಟ್ಟಿಯಿಂದ ವೈಪೀನ್‌ಗೆ ಹೋಗುವ ದೋಣಿ ಬ್ಯಾಟರಿಯಲ್ಲಿ ಓಡುತ್ತದೆ. ಜೆಟ್ಟಿ ನೀರಿನ ಮೇಲೆ ತೇಲುತ್ತದೆ, ಉಬ್ಬರ ಬಂದರೆ ಜೆಟ್ಟಿಯೂ ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಹಾಗಾಗಿ ದೋಣಿಯೂ ಜೆಟ್ಟಿಯೂ ಯಾವಾಗಲೂ ಒಂದೇ ಮಟ್ಟ, ಗಾಲಿಕುರ್ಚಿ ಕೂಡ ಸಲೀಸಾಗಿ ಒಳಗೆ ಹೋಗುತ್ತದೆ. ಎಲ್ಲ ಮುಗಿದಾಗ ಹತ್ತು ದ್ವೀಪಗಳಿಗೆ ದೋಣಿ ಸಿಗಬೇಕು ಅನ್ನುವುದು ಅವರ ಯೋಜನೆ. ಮಂಗಳೂರಿನಲ್ಲೂ ನೇತ್ರಾವತಿ, ಫಲ್ಗುಣಿ ಎರಡನ್ನೂ ಬಳಸಿ ಇಂಥದ್ದೊಂದು ಮಾಡುವ ಪ್ರಸ್ತಾವ ಇದೆ. ಅದು ಆಗಲಿ ಅಂತ ನಾನು ಮನಸಾರೆ ಬಯಸುತ್ತೇನೆ. ಬಲೆಯ ಕೆಲಸ ನಿಲ್ಲಿಸದೆ ಅವರು ಕೇಳಿದ್ದು ಇಷ್ಟೇ: "ಅದು ನಮಗಾ, ಬೀಚಿಗೆ ಬರುವವರಿಗಾ?" ಸರಿಯಾದ ಪ್ರಶ್ನೆ. ದಡದ ಜನರ ಶಾಲೆ ಟೈಮು, ಡ್ಯೂಟಿ ಟೈಮು ನೋಡಿ ದೋಣಿ ಬಿಡಬೇಕು, ಟಿಕೆಟ್ ಅವರಿಗೆ ಕೈಗೆಟುಕಬೇಕು. ಪ್ರವಾಸಿಗರು ಉಳಿದ ಸೀಟಲ್ಲಿ ಕೂರಲಿ.

ಸಂಜೆ ಮಂಗಳಾದೇವಿಗೆ ಹೊರಟೆವು. ಪಾಂಡೇಶ್ವರದಲ್ಲಿ ರೈಲ್ವೆ ಗೇಟು ಬಿತ್ತು. ಅಷ್ಟರಲ್ಲಿ ಆಕಾಶ ಕಪ್ಪಾಗಿ, ಗುಡುಗಿ, ಒಮ್ಮೆಗೇ ಮಳೆ ಸುರಿಯಿತು. ಕೊಡೆ ಗಾಳಿಗೆ ಮಗುಚಿ ಎರಡು ಕಡ್ಡಿ ಮುರಿಯಿತು. ಬಸ್ಸು, ಶಾಲೆ ವ್ಯಾನು, ಸ್ಕೂಟರು ಎಲ್ಲ ಸಾಲಾಗಿ ನಿಂತವು. ಖಾಲಿ ಬೋಗಿಗಳನ್ನು ಎಳೆದುಕೊಂಡು ಒಂದು ಎಂಜಿನ್ ಮೆಲ್ಲಗೆ ಹೋಯಿತು, ಸ್ವಲ್ಪ ಹೊತ್ತಿಗೆ ಹಿಂದಕ್ಕೂ ಬಂತು. ಕೆಲವರು ಗೇಟಿನ ಕೆಳಗೆ ನುಸುಳಿ ದಾಟಿದರು. 1907ರಲ್ಲಿ ಮಂಗಳೂರಿಗೆ ರೈಲು ಬಂದಾಗ ಇದು ಊರಿನ ಅಂಚು. ಈಗ ಊರು ಹಳಿಯ ಎರಡೂ ಕಡೆ ಬೆಳೆದಿದೆ. ಹತ್ತಿರದ ಗೂಡಂಗಡಿಯವರು ನಮ್ಮನ್ನು ಒಳಗೆ ಕರೆದು ಸ್ಟೂಲು ಕೊಟ್ಟರು, ಬಿಸಿ ಬಿಸಿ ಗೋಳಿಬಜೆ ಸಿಕ್ಕಿತು. ಗುಡಿ ಮುಚ್ಚುವ ಮೊದಲು ಮುಟ್ಟಿದೆವು, ದರ್ಶನವಾಯಿತು.

ಭಾನುವಾರ: ಉಡುಪಿ, ಮತ್ತೆ ರಾತ್ರಿಯ ಮಂಗಳೂರು

ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸು. ರೈಲಿನಲ್ಲಿ ಹೋಗೋಣ ಅಂದುಕೊಂಡಿದ್ದೆ, ಹೊಂದುವ ಹೊತ್ತಿಗೆ ಸಿಗಲಿಲ್ಲ. ಹಳಿ ಇದೆ. ಮಂಗಳೂರಿನಿಂದ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಇನ್ನಂಜೆ, ಉಡುಪಿ, ಎಲ್ಲ ಕಡೆ ನಿಲ್ದಾಣ ಇದೆ. ಆದರೆ ಮಂಗಳೂರಿನಲ್ಲಿ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ, ನೈರುತ್ಯ ರೈಲ್ವೆಯ ಮೈಸೂರು ವಿಭಾಗ, ಕೊಂಕಣ ರೈಲ್ವೆ, ಮೂರೂ ಬಂದು ಸೇರುತ್ತವೆ. ಮುಂಬೈಗೋ ಕೇರಳಕ್ಕೋ ಹೋಗುವ ದೂರದ ರೈಲುಗಳಿಗೆ ಹಳಿ ಸಿಗುತ್ತದೆ, ಬೆಳಿಗ್ಗೆ ಎಂಟಕ್ಕೆ ಮೂಲ್ಕಿಯಿಂದ ಕೆಲಸಕ್ಕೆ ಬರುವವರಿಗೆ ಲೋಕಲ್ ರೈಲು ಸಿಗುವುದು ಕಷ್ಟ. ಅರ್ಧ ಗಂಟೆಗೊಂದು ಚಿಕ್ಕ ರೈಲು ಓಡಿದರೆ ಈ ಹೆದ್ದಾರಿಯ ಅರ್ಧ ಸ್ಕೂಟರು ಮನೆಯಲ್ಲೇ ಇರುತ್ತಿತ್ತು ಅಂತ ನನಗನ್ನಿಸುತ್ತದೆ.

ಕೃಷ್ಣಮಠದಲ್ಲಿ ದರ್ಶನ, ಊಟ. ಸಾರು ಕುಡಿದು ಅವ್ವ ಇನ್ನೊಂದು ಸಲ ಹಾಕಿಸಿಕೊಂಡಳು. ಉಡುಪಿಯ ರೈಲು ನಿಲ್ದಾಣ ಊರೊಳಗಿಲ್ಲ, ಇಂದ್ರಾಳಿಯಲ್ಲಿದೆ, ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ. ಅದೇ ದಾರಿಯಲ್ಲಿ ನರ್ಮ್ ಬಸ್ಸು ಸಿಕ್ಕಿತು. ಸರ್ಕಾರಿ ಸಿಟಿ ಬಸ್ಸಿಗೆ ಇಲ್ಲಿ ಅದೇ ಹೆಸರು. ಅವ್ವ ಸಂಭ್ರಮದಿಂದ ಆಧಾರ್ ತೆಗೆದು ತೋರಿಸಿದಳು. ಸುಮ್ನೆ ಮಣಿಪಾಲಕ್ಕೆ ಹೋಗಿ, ಐಸ್‌ಕ್ರೀಮ್ ತಿಂದು, ಕೆಳಗೆ ಹಬ್ಬಿದ ಹಸಿರು ನೋಡಿ ಇಳಿದೆವು. ಗುಡ್ಡದ ಮೇಲೆ ಆಸ್ಪತ್ರೆ, ಕಾಲೇಜು. ತಗ್ಗಿನಲ್ಲಿ ಹಳೆಯ ಊರು. ಬಸ್ಸು ಇಲ್ಲದಿದ್ದರೆ ಇವೂ ಬೇರೆ ಬೇರೆ ಲೋಕವೇ.

ಗುಡ್ಡದ ಊರು ಅಂದಾಗ ಕೊಲಂಬಿಯಾದ ಮೆಡೆಲಿನ್ ನೆನಪಾಗುತ್ತದೆ. ಹಿಂಸೆಗೆ ಹೆಸರಾಗಿದ್ದ ಊರು. ಬಡವರ ಕೇರಿಗಳು ಗುಡ್ಡದ ಮೇಲೆ, ಕೆಲಸ ಕಣಿವೆಯಲ್ಲಿ. 1995ರಲ್ಲಿ ಮೆಟ್ರೋ ಬಂತು, 2004ರಲ್ಲಿ ಗುಡ್ಡದ ಕೇರಿಗೆ ಕೇಬಲ್ ಕಾರು ಹಾಕಿ ಅದನ್ನು ಮೆಟ್ರೋ ನಿಲ್ದಾಣಕ್ಕೇ ಸೇರಿಸಿದರು. ಕೇಬಲ್ ಕಾರಿನ ಜೊತೆಗೆ ಶಾಲೆ, ಗ್ರಂಥಾಲಯ, ನಡೆಯುವ ದಾರಿಗಳನ್ನೂ ಕಟ್ಟಿದರು. ಮೊದಲು ಸೌಕರ್ಯ ಕೊಟ್ಟದ್ದು ಅತಿ ಬಡ ಕೇರಿಗೆ, ಅದನ್ನು ಮರೆಯಬಾರದು. ನಮ್ಮಲ್ಲಿ ಸ್ಮಾರ್ಟ್ ಸಿಟಿ ದುಡ್ಡು ಬಂದಾಗ ಮೊದಲು ಹೊಳಪು ಕಂಡದ್ದು ನಗರದ ನಡುವಿನ ಸರ್ಕಲ್ಲುಗಳು.

ವಾಪಸ್ ಬರುವಾಗ ಮತ್ತೆ ಮಳೆ. ಪಡುಬಿದ್ರಿ ಹತ್ತಿರ ಲಾರಿಯೊಂದು ಕೆಟ್ಟು ನಿಂತು ಬಸ್ಸು ತಡವಾಯಿತು. ಸ್ಟೇಟ್ ಬ್ಯಾಂಕ್ ಮುಟ್ಟಿದಾಗ ಒಂಬತ್ತೂವರೆ ದಾಟಿತ್ತು. ಹಗಲು ಕಾಲಿಡಲು ಜಾಗವಿಲ್ಲದ ನಿಲ್ದಾಣ ಬಿಕೋ ಅನ್ನುತ್ತಿತ್ತು. ನಮ್ಮ ಲಾಡ್ಜ್ ಹತ್ತಿರವೇ, ತೊಂದರೆ ಇರಲಿಲ್ಲ. ಮಳೆ ನಿಲ್ಲಲಿ ಅಂತ ಅಲ್ಲೇ ನಿಂತೆವು. ಪಕ್ಕದಲ್ಲಿ ಒಬ್ಬ ನರ್ಸ್ ಹುಡುಗಿ. ಡ್ಯೂ‌ಟಿ ಮುಗಿಯುವುದು ತಡವಾಗಿ ಕೊನೆಯ ಬಸ್ಸು ತಪ್ಪಿದೆ, ಮನೆ ಗುರುಪುರದ ಕಡೆ. ಅಣ್ಣ ಬೈಕಿನಲ್ಲಿ ಬರುತ್ತಿದ್ದಾನೆ, ಈ ಮಳೆಯಲ್ಲಿ. ದಿನಾ ಹೀಗೇನಾ ಅಂತ ಕೇಳಿದೆ. "ಆಟೋಗೆ ಕೊಟ್ರೆ ಆ ದಿನದ ಸಂಬಳವೇ ಹೋಗ್ತದೆ ಅಕ್ಕ" ಅಂದಳು. ಸ್ವಲ್ಪ ಸುಮ್ಮನಿದ್ದು ಇನ್ನೊಂದು ಮಾತು ಹೇಳಿದಳು. ಜೊತೆ ಕೆಲಸ ಮಾಡುವ ಹುಡುಗ ಅದೇ ದಾರಿಯವನು, ಬೇರೆ ಧರ್ಮದವನು. ಒಂದೇ ಬಸ್ಸಿನಲ್ಲಿ ಹೋದರೂ ಪಕ್ಕ ಕೂರುವುದಿಲ್ಲವಂತೆ. "ಯಾರಾದ್ರೂ ಫೋಟೋ ತೆಗೀತಾರೆ, ಮತ್ತೆ ಮನೆಗೆ ಫೋನ್ ಹೋಗ್ತದೆ. ಬೇಡ ಅಂತ ಹೇಳಿ ನಾವೇ ದೂರ ಕೂರುದು."

ಆ ಮಾತು ಕೇಳಿ ನನಗೆ ಸಂಕಟವಾಯಿತು. ಹುಡುಗ ಹುಡುಗಿ ಬೇರೆ ಬೇರೆ ಧರ್ಮದವರು ಅಂತ ಬಸ್ಸಿನಿಂದ ಇಳಿಸಿ ಹೊಡೆದ ಸುದ್ದಿಗಳನ್ನು ಕರಾವಳಿಯಿಂದ ವರ್ಷಗಳಿಂದ ಓದುತ್ತಿದ್ದೇವೆ. ನಾನು ಈ ಊರಲ್ಲಿ ಹತ್ತಿದ ಪ್ರತಿ ಬಸ್ಸಿನಲ್ಲೂ ಬುರ್ಖಾ ಹಾಕಿದವರು, ಮಲ್ಲಿಗೆ ಮುಡಿದವರು, ಕೊರಳಲ್ಲಿ ಶಿಲುಬೆ ಹಾಕಿದವರು ಒಂದೇ ಸೀಟಿನಲ್ಲಿ ಕೂತು ತುಳುವಿನಲ್ಲಿ ಮಾತಾಡುತ್ತಿದ್ದರು, ಒಬ್ಬರ ಮಗು ಇನ್ನೊಬ್ಬರ ಮಡಿಲಲ್ಲಿತ್ತು. ಊರಿನ ಬೇರೆ ಯಾವ ಜಾಗದಲ್ಲಿ ಇಷ್ಟು ಜನ ಇಷ್ಟು ಹತ್ತಿರ ಕೂರುತ್ತಾರೆ? ಬಸ್ಸು ಕಡಿಮೆಯಾಗಿ ಎಲ್ಲರೂ ತಂತಮ್ಮ ಬೈಕು ಕಾರು ಹಿಡಿದರೆ ಅದೂ ಹೋಗುತ್ತದೆ. ಹಾಗಾಗಿ ಬಸ್ಸಿನಲ್ಲಿ ಕೂತವರಿಗೆ ರಕ್ಷಣೆ ಕೊಡುವುದು ಪೊಲೀಸರ ಕೆಲಸ ಎಷ್ಟೋ, ಸಾರಿಗೆಯ ಕೆಲಸವೂ ಅಷ್ಟೇ. ಕಂಡಕ್ಟರಿಗೆ ತರಬೇತಿ, ಬಸ್ಸಿನಲ್ಲಿ ಕ್ಯಾಮೆರಾ, ತೊಂದರೆಯಾದರೆ ಯಾವ ನಂಬರಿಗೆ ಕರೆಯಬೇಕು ಅನ್ನುವ ಬೋರ್ಡು, ಇವೆಲ್ಲ ಬೇಕು. ಹತ್ತೂಕಾಲಕ್ಕೆ ಅವಳ ಅಣ್ಣ ತೊಪ್ಪೆಯಾಗಿ ಬಂದ. ಅವ್ವ ತನ್ನ ಚೀಲದಿಂದ ಪ್ಲಾಸ್ಟಿಕ್ ಹಾಳೆ ತೆಗೆದು ಅವಳ ತಲೆಗೆ ಹೊದಿಸಿದಳು.

ಸೋಮವಾರ: ನಂತೂರು, ಕೂಳೂರು

ರಾತ್ರಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಬೆಳಿಗ್ಗೆ ಕೋರಿ ರೊಟ್ಟಿ ಸಿಗುತ್ತಾ ಅಂತ ಹುಡುಕಿದೆ, ಮಧ್ಯಾಹ್ನಕ್ಕೇ ಅಂದರು. ಅವ್ವ ಸಸ್ಯಾಹಾರಿ, ಅವಳಿಗೆ ನೀರುದೋಸೆ, ಬೆಲ್ಲ ಕಾಯಿ.

ಕದ್ರಿಯಿಂದ ನಂತೂರಿಗೆ ನಡೆದು ಹೋದೆವು. ಹೆದ್ದಾರಿ 66ಕ್ಕೆ ಮೂಡುಬಿದಿರೆ ಕಡೆಯ ರಸ್ತೆ ಬಂದು ಸೇರುವ ಜಾಗ ಅದು. ಒಂದು ಬಸ್ ಸ್ಟಾಪಿನಲ್ಲಿ ನಿವೃತ್ತ ಬಸ್ ಡ್ರೈವರೊಬ್ಬರು ಮಾತಿಗೆ ಸಿಕ್ಕರು. ಜೀವನವಿಡೀ ಸಿಟಿ ಬಸ್ಸು ಓಡಿಸಿದವರು. ಎಲ್ಲ ಬಸ್ಸೂ ಸ್ಟೇಟ್ ಬ್ಯಾಂಕಿಗೇ ಯಾಕೆ ಹೋಗುತ್ತವೆ ಅಂತ ಕೇಳಿದೆ. "ಪರ್ಮಿಟ್ ಹಾಗೆ ಉಂಟು ಮಾರಾಯ್ರೇ" ಅಂದರು. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಒಂದೊಂದು ದಾರಿಗೆ ಒಂದೊಂದು ಪರ್ಮಿಟ್ ಕೊಡುತ್ತದೆ. ಮಾಲೀಕರು ಜನ ತುಂಬುವ ದಾರಿಯನ್ನೇ ಕೇಳುತ್ತಾರೆ, ಅದು ಸಹಜ. ಜನ ತುಂಬುವುದು ಸ್ಟೇಟ್ ಬ್ಯಾಂಕಿನಲ್ಲಿ. ಹಾಗಾಗಿ ಸುರತ್ಕಲ್‌ನಿಂದ ದೇರಳಕಟ್ಟೆಯ ಆಸ್ಪತ್ರೆಗೆ ಹೋಗುವ ರೋಗಿ ಕೂಡ ಹೆಚ್ಚಾಗಿ ನಗರದ ನಡುವೆ ಹಾದು, ಬಸ್ಸು ಬದಲಿಸಿ, ಎರಡು ಟಿಕೆಟ್ ಕೊಂಡು ಹೋಗುತ್ತಾರೆ.

"ನನ್ನನ್ನು ಕೇಳಿದ್ರೆ" ಅಂತ ಅವರು ನೆಲದ ಮೇಲೆ ಕೊಡೆಯ ತುದಿಯಿಂದ ಗೆರೆ ಎಳೆದು ತೋರಿಸಿದರು. "ಸುರತ್ಕಲ್, ಕೂಳೂರು, ನಂತೂರು, ಪಂಪ್‌ವೆಲ್, ತೊಕ್ಕೊಟ್ಟು, ದೇರಳಕಟ್ಟೆ. ಹೊರಗಿಂದ ಹೊರಗೆ ಬಸ್ಸು ಬೇಕು, ಹತ್ತು ನಿಮಿಷಕ್ಕೊಂದು. ಈಗ ಇರುದು ಸಾಕಾಗುದಿಲ್ಲ. ಪೇಟೆಗೆ ಹೋಗುವವರು ನಡುವೆ ಇಳಿದು ಬದಲಿಸ್ಲಿ, ಟಿಕೆಟ್ ಮಾತ್ರ ಒಂದೇ ಇರ್ಬೇಕು." ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವರು ಹೇಳಿದ್ದಕ್ಕಿಂತ ಒಳ್ಳೆಯ ಯೋಜನೆಯನ್ನು ನಾನು ಯಾವ ದಪ್ಪ ವರದಿಯಲ್ಲೂ ಓದಿಲ್ಲ. ಇಂಥವರನ್ನು ಕೂರಿಸಿಕೊಂಡು ಕೇಳುವ ಸಭೆ ಒಂದಾದರೂ ನಡೆಯಬೇಕು ಅಲ್ವಾ?

ಕೂಳೂರಿನಲ್ಲಿ ಹೊಳೆ ನೋಡುತ್ತಾ ಸ್ವಲ್ಪ ಹೊತ್ತು ಕಳೆದು, ಸಂಜೆ ಬಿಜೈಗೆ ಬಂದು ಬಸ್ಸು ಹಿಡಿದೆವು.

ಮನೆಗೆ ಬಂದ ವಾರದಲ್ಲೇ ಎರಡು ಅರ್ಜಿ ಕಳಿಸಿದ್ದೇನೆ. ಒಂದು ಮಂಗಳೂರು ಪಾಲಿಕೆಗೆ, ಇನ್ನೊಂದು ಸಾರಿಗೆ ಪ್ರಾಧಿಕಾರಕ್ಕೆ. ಬೆಂಗ್ರೆಗೆ ತೇಲುವ ಜೆಟ್ಟಿ, ಕಲ್ಲಾಪಿನಲ್ಲಿ ದಾಟಲು ಸಿಗ್ನಲ್, ರಾತ್ರಿ ಹನ್ನೊಂದರ ತನಕ ನಾಲ್ಕೂ ದಿಕ್ಕಿಗೆ ಒಂದೊಂದಾದರೂ ಬಸ್ಸು, ಹೊರಗಿಂದ ಹೊರಗೆ ಓಡುವ ಬಸ್ಸಿಗೆ ಪರ್ಮಿಟ್. ಬಸ್ಸಿನ ಮೆಟ್ಟಿಲು ತಗ್ಗಿಸಿ ಅನ್ನುವ ಸಾಲನ್ನು ಅವ್ವ ತಾನೇ ಬರೆದು ಸಹಿ ಹಾಕಿದ್ದಾಳೆ. ಮಂಗಳೂರಿನಲ್ಲಿ ಇರುವ ಓದುಗರು ನಿಮ್ಮ ನಿಮ್ಮ ಸ್ಟಾಪಿನ ತೊಂದರೆ ಬರೆದು ಕಳಿಸಿ. ಹೊರಗಿನವಳ ಅರ್ಜಿಗಿಂತ ದಿನಾ ಬಸ್ಸಿಗೆ ಕಾಯುವವರ ಅರ್ಜಿಗೆ ತೂಕ ಜಾಸ್ತಿ.